ದೆವ್ವದ ಕಥೆ ಅಂತ ಕಿತ್ತಿಡಬೇಡಿ

ನಿನ್ನೆ ಪುಸ್ತಕದ ಅಂಗಡಿಯಲ್ಲಿ ನೋಡಿದ್ದು ಇನ್ನೂ ತಲೆಯಿಂದ ಹೋಗಿಲ್ಲ. ಹೈಸ್ಕೂಲಿನ ವಯಸ್ಸಿನ ಹುಡುಗಿ 'ಲಾಕ್‌ವುಡ್ ಅಂಡ್ ಕೋ' ಸರಣಿಯ ಮೊದಲ ಪುಸ್ತಕ ಹಿಡಿದು ನಿಂತಿದ್ದಳು. ಅವರಪ್ಪ ಬಂದು, ಹಿಂಬದಿ ಓದಿ, "ದೆವ್ವದ ಕಥೆ, ಚಿಕ್ಕ ಮಕ್ಕಳದ್ದು. ವಾಪಸ್ ಇಡು" ಅಂದರು. ಇಟ್ಟುಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು.

ಚಿಕ್ಕ ಮಕ್ಕಳದ್ದಾ? ಜೊನಾಥನ್ ಸ್ಟ್ರೌಡ್ 2013ರಿಂದ 2017ರವರೆಗೆ ಬರೆದ ಐದು ಪುಸ್ತಕಗಳಿವು. ಬ್ರಿಟನ್ನಿನಲ್ಲಿ ಐವತ್ತು ವರ್ಷಗಳಿಂದ ದೆವ್ವಗಳ ಕಾಟ. ಮುಟ್ಟಿದರೆ ಸಾವು. ಅವು ಸರಿಯಾಗಿ ಕಾಣುವುದು, ಕೇಳುವುದು ಎಳೆಯರಿಗೆ ಮಾತ್ರ. ಹಾಗಾಗಿ ದೆವ್ವಗಳನ್ನು ಪತ್ತೆಹಚ್ಚಿ ಅಡಗಿಸುವ ಪತ್ತೇದಾರಿ ಏಜೆನ್ಸಿಗಳನ್ನು ಹೆಚ್ಚಾಗಿ ನಡೆಸುವವರು ದೊಡ್ಡವರು. ರಾತ್ರಿ ಕತ್ತಿ, ಉಪ್ಪು, ಕಬ್ಬಿಣದ ಸರಪಳಿ ಹಿಡಿದು ದೆವ್ವವಿರುವ ಮನೆಯೊಳಗೆ ಹೋಗುವವರು ಮಕ್ಕಳು.

ಕಥೆ ಹೇಳುವ ಲೂಸಿ ಮೊದಲು ಕೆಲಸ ಮಾಡಿದ್ದು ತನ್ನೂರಿನಲ್ಲಿ, ಜೇಕಬ್ಸ್ ಎಂಬವನ ಕೈಕೆಳಗೆ. ಒಂದು ಹಳೇ ಗಿರಣಿಯಲ್ಲಿ ಏನೋ ಸರಿಯಿಲ್ಲ ಅಂತ ಅವಳಿಗೆ ಅನಿಸುತ್ತದೆ. ಅವನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಜೊತೆಯ ಮಕ್ಕಳು ಸಾಯುತ್ತಾರೆ. ಅವನಿಗೆ ಶಿಕ್ಷೆಯೂ ಆಗುವುದಿಲ್ಲ. ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಓದಿದ ಹುಡುಗನೊಬ್ಬ ಹೋಟೆಲ್ ಮಾಣಿಯಾಗಿ ಹೋದ, ನಮ್ಮೂರಿನವರಿಗೆ ನೆನಪಿರಬಹುದು. ಆ ಪುಟ ಓದುವಾಗ ನನಗೆ ಅವನ ಮುಖವೇ ಕಣ್ಣ ಮುಂದೆ ಬಂತು. ದೊಡ್ಡವರೇ ಓದಬೇಕಾದ ಪುಸ್ತಕವಿದು.

ದೆವ್ವ ಬಂದಮೇಲೆ ಪತ್ತೇದಾರಿಕೆ ಎಲ್ಲಿ ಉಳಿಯಿತು, ಮಂತ್ರ ಹಾಕಿದರೆ ಮುಗಿಯಿತಲ್ಲ ಅಂತ ಕೇಳುವವರಿದ್ದಾರೆ. ಓದದೆ ಆಡುವ ಮಾತು. ಇಲ್ಲಿ ಪ್ರತಿ ದೆವ್ವಕ್ಕೂ ಒಂದು 'ಸೋರ್ಸ್' ಇರುತ್ತದೆ. ಮೂಳೆಯೋ, ಒಡವೆಯೋ, ಅದು ಅಂಟಿಕೊಂಡ ವಸ್ತು. ಅದನ್ನು ಹುಡುಕಿ ಬೆಳ್ಳಿಯಲ್ಲಿ ಮುಚ್ಚಬೇಕು. ಮೊದಲ ಪುಸ್ತಕದಲ್ಲಿ ಗೋಡೆಯೊಳಗೆ ಹುಡುಗಿಯೊಬ್ಬಳ ಶವ ಸಿಗುತ್ತದೆ. ಅವಳ ಕೊರಳಿನ ಸರವನ್ನು ಲೂಸಿ ಮುಟ್ಟಿದರೆ ಸತ್ತವಳ ಪ್ರೀತಿ, ಭಯ ಎಲ್ಲ ಇವಳ ಮೈಗೇ ಬರುತ್ತದೆ. ಕೊಂದವರ ಹೆಸರು ಮಾತ್ರ ಬರುವುದಿಲ್ಲ! ಅದಕ್ಕೆ ಅವಳ ಜೊತೆ ಕೆಲಸ ಮಾಡುವ ಜಾರ್ಜ್ ಹಳೇ ಪೇಪರ್‌ಗಳನ್ನು ಕೆದಕಬೇಕು. ಮುಟ್ಟಿ ತಿಳಿಯುವ ಈ ಶಕ್ತಿ ಅವಳಿಗೆ ಸತ್ತವಳ ನೋವನ್ನು ಕೊಡುತ್ತದೆ, ಉತ್ತರ ಕೊಡುವುದಿಲ್ಲ. ಕಥೆ ಕಟ್ಟುವುದು ಅಂದರೆ ಇದು.

ಮಕ್ಕಳು ಹೆದರುತ್ತಾರೆ ಅಂತೀರಾ? ಹೆದರಲಿ. ಲೂಸಿ, ಜಾರ್ಜ್, ಅವರ ಏಜೆನ್ಸಿ ನಡೆಸುವ ಹುಡುಗ ಲಾಕ್‌ವುಡ್, ಈ ಮೂವರೂ ಹೆದರುತ್ತಾರೆ. ಆಮೇಲೆ ಮನೆಗೆ ಬಂದು ಅಡುಗೆಮನೆಯಲ್ಲಿ ಟೀ ಕುಡಿಯುತ್ತಾ, ಮೇಜಿನ ಬಟ್ಟೆಯ ಮೇಲೆ ಪೆನ್ನಿನಲ್ಲಿ ಗೀಚುತ್ತಾ ಜಗಳ ಆಡುತ್ತಾರೆ. ಕೇಸಿನ ಟಿಪ್ಪಣಿ, ಬೈಗುಳ, ಚಿತ್ರ ಎಲ್ಲ ಆ ಬಟ್ಟೆಯ ಮೇಲೇ. ನನಗೆ ದೆವ್ವಗಳಿಗಿಂತ ಆ ಮೇಜು ಜಾಸ್ತಿ ಇಷ್ಟ. ಹೇಳುವ ದೊಡ್ಡವರು ಯಾರೂ ಇಲ್ಲದ ಮನೆಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳುವ ಮಕ್ಕಳು ಅವರು.

ನೆಟ್‌ಫ್ಲಿಕ್ಸ್ 2023ರ ಜನವರಿಯಲ್ಲಿ ಈ ಕಥೆಯ ಸೀರೀಸಿನ ಎಂಟು ಕಂತು ಹಾಕಿ, ಅದೇ ವರ್ಷ ಮೇ ತಿಂಗಳಲ್ಲಿ ಕೈಬಿಟ್ಟಿತು. ಮೊದಲ ಎರಡು ಪುಸ್ತಕಕ್ಕೇ ನಿಂತುಹೋಯಿತು. ಆ ಸಿಟ್ಟು ನನಗೆ ಇವತ್ತಿಗೂ ಇದೆ. ಈ ಕಾಟದ ಹಿಂದೆ ದೊಡ್ಡವರು ಮಾಡಿದ್ದೇನು ಅನ್ನುವುದು ಪೂರ್ತಿ ಹೊರಬೀಳುವುದೇ ಕೊನೆಯ ಪುಸ್ತಕದಲ್ಲಿ, ಅಲ್ವಾ? ಬರೀ ಸೀರೀಸ್ ನೋಡಿದವರು ದಯವಿಟ್ಟು ಐದೂ ಓದಿ. ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಅವರಿಗಿಂತ ಮೊದಲು ನೀವು ಓದಿ.