ಬೆಲ್ ಒತ್ತಿ, ಹಾಗೇ ಬಿದ್ದಿರಿ

'ಏನೇ ಬೇಕಾದ್ರೂ ಈ ಬೆಲ್ ಒತ್ತಿ, ತಕ್ಷಣ ಬರ್ತೀವಿ' ಅಂದಿದ್ದರು, ಆಸ್ಪತ್ರೆಗೆ ಸೇರಿದ ದಿನ. ಆ 'ತಕ್ಷಣ' ಎಷ್ಟು ಉದ್ದ ಅಂತ ಗೊತ್ತಾಗಲು ನನಗೆ ಒಂದು ಇಡೀ ರಾತ್ರಿ ಹಿಡಿಯಿತು.

ಮೊದಲು ಬೆಲ್ ಹುಡುಕಬೇಕು. ಡ್ರಿಪ್ ಯಾವ ಕೈಗಿದೆಯೋ ಆ ಕಡೆಗೇ ಅದರ ವೈರು ನೇತಾಡುತ್ತಿರುತ್ತದೆ, ಇಲ್ಲವೇ ಹಾಸಿಗೆಯ ಸಂದಿಗೆ ಬಿದ್ದಿರುತ್ತದೆ. ಎತ್ತಿಕೊಡಲು ಸಿಸ್ಟರ್ ಬರಬೇಕು. ಸಿಸ್ಟರ್ ಬರಬೇಕಾದರೆ ಬೆಲ್ ಒತ್ತಬೇಕು!

ಬಚ್ಚಲಲ್ಲಿ ಇನ್ನೂ ಚೆಂದ. ಬಿದ್ದವರ ಕೈಗೆ ಎಟುಕಲಿ ಅಂತಲೇ ನೆಲದ ಹತ್ತಿರದವರೆಗೂ ಇಳಿಬಿಡುವ, ಎಳೆದರೆ ಬೆಲ್ ಆಗುವ ಕೆಂಪು ಹಗ್ಗ ಇದೆಯಲ್ಲ, ನೆಲ ಒರೆಸಲು ಅಡ್ಡ ಅಂತ ಅದನ್ನು ಸುತ್ತಿ ಮೇಲಿನ ಕಂಬಿಗೆ ಗಂಟು ಹಾಕಿದ್ದರು. ಬೀಳುವವರು ದಯವಿಟ್ಟು ನಿಂತುಕೊಂಡೇ ಬೀಳಬೇಕು.

ಈ ಬೆಲ್ಲಿನ ಆಸೆ ಇವತ್ತಿನದಲ್ಲ. 1853ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯ ಹೊಣೆ ಹೊರುವಾಗಲೇ ಫ್ಲಾರೆನ್ಸ್ ನೈಟಿಂಗೇಲ್ ಪತ್ರ ಬರೆದು ಕೇಳಿದ್ದರು. ರೋಗಿಗಳ ಗಂಟೆ ದಾದಿಯ ಕೋಣೆಯ ಬಾಗಿಲ ಹೊರಗೇ ಬಾರಿಸಬೇಕು. ಯಾರು ಕರೆದರು ಅಂತ ತಿಳಿಯಲು, ಬಾರಿಸಿದ ಗಂಟೆಯ ಮುಚ್ಚಳ ತಾನೇ ತೆರೆದುಕೊಂಡು ಹಾಗೇ ಇರಬೇಕು. ಊಟದ ಹೊತ್ತು ಬಿಟ್ಟರೆ ದಾದಿ ತನ್ನ ಮಹಡಿ ಬಿಟ್ಟು ಹೋಗಬೇಕಾಗದಂಥ ವ್ಯವಸ್ಥೆಯೂ ಇರಬೇಕು, ಇಲ್ಲದಿದ್ದರೆ ಅವಳು ಬರೀ ಒಂದು ಜೊತೆ ಕಾಲಾಗಿಬಿಡುತ್ತಾಳೆ ಅಂತ ನೈಟಿಂಗೇಲರ ಚಿಂತೆ. ಈಗ ವ್ಯವಸ್ಥೆ ಇದೆ ತಾಯಿ, ಕಾಲುಗಳೇ ಸಾಲುತ್ತಿಲ್ಲ.

ಒತ್ತಿದೆ. ವೈರಿನ ತುದಿಯಲ್ಲಿ ಸಾಸಿವೆಯಷ್ಟು ಕೆಂಪು ದೀಪ ಹತ್ತಿತು. ಅದನ್ನೇ ನೋಡುತ್ತಾ ಮಲಗಿದೆ. ಕೊನೆಗೂ ಸಿಸ್ಟರ್ ಬಂದರು, ಗೋಡೆಯ ಮೇಲಿನ ಬಟನ್ ಒತ್ತಿ ದೀಪ ಆರಿಸಿದರು, 'ಒಂದ್ನಿಮಿಷ, ಬಂದೆ' ಅಂತ ಹೊರಟೇ ಹೋದರು. ಯಂತ್ರದ ಲೆಕ್ಕದಲ್ಲಿ ನನ್ನ ಕರೆ ಮುಗಿಯಿತು. ಮೂತ್ರ ಮಾತ್ರ ಇನ್ನೂ ಒಳಗೇ ಇತ್ತು.

ಬೈಯೋಣ ಅಂದರೆ ಬಾಯಿ ಬರಲಿಲ್ಲ. ವಾರ್ಡಿಗೆಲ್ಲ ಅವರೊಬ್ಬರೇ. ಸಂಜೆಯಿಂದ ಕೂತಿದ್ದನ್ನೇ ನಾನು ನೋಡಿಲ್ಲ. ಮಂಚಕ್ಕೊಂದು ಬೆಲ್ ಕೊಳ್ಳಲು ದುಡ್ಡಿರುತ್ತದೆ, ಇನ್ನೊಬ್ಬ ಸಿಸ್ಟರಿಗೆ ಸಂಬಳ ಕೊಡಲು ಇರುವುದಿಲ್ಲ. ಇದನ್ನು ತಮಾಷೆ ಮಾಡಿ ಬರೆದು ಬರೆದು ನನಗೂ ಸಾಕಾಗಿದೆ.

ನಡುರಾತ್ರಿ ಪಕ್ಕದ ಮಂಚದ ಅಜ್ಜ ಮೆಲ್ಲಗೆ ಎದ್ದು ಕೂತರು. 'ಪಾಪ, ಆ ಹುಡುಗಿಗೆ ಯಾಕೆ ತೊಂದರೆ, ನಾನೇ ಹೋಗಿಬರ್ತೀನಿ' ಅಂದವರೇ ಒಂದು ಕಾಲು ಕೆಳಗಿಟ್ಟರು. ಇನ್ನೊಂದು ಕಾಲು ಮಂಚದ ಕಂಬಿಗೆ ಸಿಕ್ಕಿಕೊಂಡಿತು.

ನಾನು ಬೆಲ್ಲಿನ ಗೊಡವೆಗೇ ಹೋಗಲಿಲ್ಲ. ಜೋರಾಗಿ ಕೂಗಿದೆ. ಸಿಸ್ಟರ್ ಓಡಿ ಬಂದರು.