ಹುಲ್ಲಿನ ಮೇಲೆ ನಡೀರಿ ಮಾಮ

ನಮ್ಮ ಏರಿಯಾದ ಪಾರ್ಕಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಗಿಡವಲ್ಲ, ಬೋರ್ಡು. ‘ಹುಲ್ಲಿನ ಮೇಲೆ ನಡೆಯಬಾರದು.’ ಮೀರಿದರೆ ವಾಚ್‌ಮನ್ ಸೀಟಿ ಊದುತ್ತಾರೆ. ಆ ಸೀಟಿಗೆ ಹೆದರಿಯೇ ಬೆಳೆದವನು ನಾನು. ಹಾಗಾಗಿ ಲಾಸ್ ವೇಗಸ್‌ನಲ್ಲಿ ಅಕ್ಕನ ಮಗ, “ಚಪ್ಪಲಿ ಬಿಟ್ಟು ಹುಲ್ಲಲ್ಲಿ ನಡೀರಿ ಮಾಮ” ಅಂದಾಗ ಸುತ್ತ ಒಮ್ಮೆ ನೋಡಿಕೊಂಡೆ.

ಅದು ನಾರ್ತ್ ಲಾಸ್ ವೇಗಸ್‌ನ ಕ್ರೇಗ್ ರ‍್ಯಾಂಚ್ ಪಾರ್ಕು. 170 ಎಕರೆ. ಒಂದು ಕಾಲಕ್ಕೆ ಗಾಲ್ಫ್ ಮೈದಾನವಾಗಿತ್ತು. ಮೆಂಬರುಗಳಿಗೆ ಮಾತ್ರ ಎನ್ನುವ ಕ್ಲಬ್ಬಲ್ಲ, ದುಡ್ಡು ಕೊಟ್ಟ ಯಾರು ಬೇಕಾದರೂ ಬಂದು ಚೆಂಡು ಹೊಡೆಯಬಹುದಿತ್ತು. ವರ್ಷಕ್ಕೆ ನಾಲ್ಕಿಂಚು ಮಳೆ ಬೀಳುವ ಊರಿನಲ್ಲಿ ಗಾಲ್ಫ್! ಲಾಸ್ ವೇಗಸ್ ಅಂದರೆ ಸ್ಪ್ಯಾನಿಷ್‌ನಲ್ಲಿ ಹುಲ್ಲುಗಾವಲು. ನೆಲದಿಂದ ಉಕ್ಕುತ್ತಿದ್ದ ಒರತೆಗಳಿಂದ ಬಂದ ಹೆಸರು. ಊರು ಬೆಳೆದು ನೀರೆತ್ತಿ ಎತ್ತಿ, 1962ರ ಹೊತ್ತಿಗೆ ಆ ಒರತೆಗಳು ಬತ್ತಿದವು. ಈ ಮೈದಾನದಲ್ಲಿ ಹುಲ್ಲು ಹಾಸಿದ್ದೂ ಅದೇ 60ರ ದಶಕದಲ್ಲಿ. ಧೈರ್ಯ ನೋಡಿ.

ಊರು ದೊಡ್ಡದಾಗಿ ಮೈದಾನದ ಸುತ್ತ ಮನೆಗಳೆದ್ದ ಮೇಲೆ ಜಾಗವನ್ನು ನಗರಸಭೆ ಕೊಂಡಿತು. ಇದರ ಹಿಂದೆ 1998ರ ಒಂದು ಕಾನೂನಿದೆ. ಲಾಸ್ ವೇಗಸ್ ಸುತ್ತ ಇರುವ ಕೇಂದ್ರ ಸರ್ಕಾರದ ಖಾಲಿ ಜಾಗ ಮಾರಿ, ಬಂದ ದುಡ್ಡನ್ನು ಪಾರ್ಕು ಮುಂತಾದವಕ್ಕೆ ಹಾಕುವುದು. ಪಾರ್ಕಿನ ಜಾಗ ಸೈಟಾಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಜಾಗ ಮಾರಿದ ದುಡ್ಡು ಪಾರ್ಕಾದದ್ದನ್ನು ಕೇಳಿದ್ದು ಇದೇ ಮೊದಲು. 2013ರಲ್ಲಿ ಪಾರ್ಕು ತೆರೆಯಿತು.

ಹಳೆಯ ಮರಗಳು ಇನ್ನೂ ಇವೆ. ಚೆಂಡಿಗೆ ಅಡ್ಡ ಬಂದು ಎಷ್ಟು ಬೈಗುಳ ತಿಂದಿದ್ದವೋ ಏನೋ, ಈಗ ಅವುಗಳ ನೆರಳಿಗಾಗಿ ಜನ ಬೆಳಿಗ್ಗೆಯೇ ಬಂದು ಜಾಗ ಹಿಡಿಯುತ್ತಾರೆ. ಸ್ಕೇಟಿಂಗ್ ಹುಡುಗರು ಒಂದು ಕಡೆ, ನಾಯಿಗಳಿಗೆ ಬೇಲಿ ಹಾಕಿದ ಮೈದಾನ ಇನ್ನೊಂದು ಕಡೆ. ತರಕಾರಿ ಮಡಿಗಳೂ ಇವೆ. ನಮ್ಮೆದುರಿನ ಮರದ ಕೆಳಗೆ ಒಂದು ಮಗು ಎರಡೂ ಕೈಯಲ್ಲಿ ಹುಲ್ಲು ಕಿತ್ತು ಅಪ್ಪನ ತಲೆಗೆ ಸುರಿಯುತ್ತಿತ್ತು. ಸುಮ್ನೆ ಮಲಗಿದ್ದ ಆತನ ಹುಬ್ಬಿನ ಮೇಲೊಂದು ಎಸಳು ನಿಂತಿತ್ತು.

“ಹುಲ್ಲು ಹಾಳಾಗಲ್ವಾ?” ಅಂದೆ. ಅಳಿಯ ನಕ್ಕ. ಲಾಸ್ ವೇಗಸ್ ಇರುವ ನೆವಾಡ ರಾಜ್ಯದಲ್ಲಿ 2021ರಲ್ಲಿ ಒಂದು ಕಾನೂನು ಬಂದಿದೆಯಂತೆ. ಕಚೇರಿಗಳ ಮುಂದೆ, ರಸ್ತೆಗಳ ನಡುವೆ ಬರೀ ಚೆಂದಕ್ಕೆ ಬೆಳೆಸಿದ ಹುಲ್ಲಿಗೆ 2026 ಮುಗಿದ ಮೇಲೆ ಕೊಲೊರಾಡೊ ನದಿಯ ನೀರು ಹಾಯಿಸುವಂತಿಲ್ಲ. ಇಡೀ ಲಾಸ್ ವೇಗಸ್ ಕಣಿವೆಗೆ ನೂರಕ್ಕೆ ತೊಂಬತ್ತರಷ್ಟು ನೀರು ಬರುವುದೇ ಆ ನದಿಯಿಂದ. ಜನ ಆಡುವ, ಕೂರುವ, ಹೊರಳಾಡುವ ಹುಲ್ಲಿಗೆ ಮಾತ್ರ ಮಾಫಿ. ಅಂದರೆ ಯಾರೂ ತುಳಿಯದ ಹುಲ್ಲೇ ಅಲ್ಲಿ ಅಪರಾಧಿ! ನಾನು ಎದ್ದು ಇನ್ನೊಂದು ಸುತ್ತು ತುಳಿದು ಬಂದೆ. ಕೈಲಾದ ಸಹಾಯ.

ಊರಿಗೆ ಬಂದ ವಾರವೇ ನಮ್ಮ ಪಾರ್ಕಿನಲ್ಲಿ ಕಾಲು ತಾನಾಗಿಯೇ ಹುಲ್ಲಿಗಿಳಿಯಿತು. ಸೀಟಿ. ನೆವಾಡದ ಕಾನೂನು ಹೇಳೋಣ ಅಂತ ಬಾಯಿ ತೆರೆದೆ.

“ಸಾರ್, ಬೋರ್ಡು ಕಾಣಲ್ವಾ?”

ಕಾಣುತ್ತೆ ಅಂದೆ.