ಉಲ್ಟಾ ಅಕ್ಷರದ ಬೋರ್ಡು

ಖಾಲಿ ಮೈಕ್ರೋಕಂಟ್ರೋಲರ್ (ಒಂದೇ ತುಂಡಿನಲ್ಲಿ ಕೂತ ಪುಟ್ಟ ಕಂಪ್ಯೂಟರ್) ಚಿಪ್‌ಗೆ ನಾವು ಬರೆದ ಕೋಡ್ ತುಂಬಲು ಪ್ರೋಗ್ರಾಮರ್ ಅನ್ನೋ ಪುಟ್ಟ ಬೋರ್ಡ್ ಬೇಕು. ರೆಡಿಮೇಡ್ ಸಿಗುತ್ತದೆ, ರೇಟೂ ಜಾಸ್ತಿ ಇಲ್ಲ. ಆದರೆ ಮನೆಯಲ್ಲೇ ಮಾಡ್ತೀನಿ ಅಂತ ಹಟ ಹಿಡಿದವನಿಗೆ ರೇಟು ಹೇಳಿ ಏನು ಪ್ರಯೋಜನ? ಥಾಮಸ್ ಫಿಶ್ಲ್ ಅನ್ನೋ ಪುಣ್ಯಾತ್ಮರು ಯುಎಸ್‌ಬಿಎಎಸ್‌ಪಿ ಎಂಬ ಪ್ರೋಗ್ರಾಮರ್ ಸರ್ಕ್ಯೂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಒಂದು ಎಟಿಮೆಗಾ8 ಚಿಪ್, 12 ಮೆಗಾಹರ್ಟ್ಸ್ ಕ್ರಿಸ್ಟಲ್, ಎರಡು ಝೀನರ್ ಡಯೋಡ್, ಒಂದಿಷ್ಟು ಚಿಲ್ಲರೆ ಸಾಮಾನು. ಅಷ್ಟೇ.

ತೊಡಕು ಒಂದೇ. ಆ ಎಟಿಮೆಗಾ8ಗೆ ಮೊದಲು ಯಾರಾದರೂ ಪ್ರೋಗ್ರಾಂ ತುಂಬಿಕೊಡಬೇಕು. ಅಂದರೆ ಪ್ರೋಗ್ರಾಮರ್ ಮಾಡೋಕೆ ಪ್ರೋಗ್ರಾಮರ್ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಅಮ್ಮ ಈ ಗಾದೆಯನ್ನು ನನಗೆ ಆಗಾಗ ಹೇಳುತ್ತಿರುತ್ತಾರೆ, ಅವರ ಉದ್ದೇಶ ಬೇರೆ.

ಇರಲಿ, ಮೊದಲು ಬೋರ್ಡ್. ಸರ್ಕ್ಯೂಟಿನ ಚಿತ್ರವನ್ನು ಲೇಸರ್ ಪ್ರಿಂಟರಿನಲ್ಲಿ ನುಣುಪು ಕಾಗದದ ಮೇಲೆ ತೆಗೆಸಬೇಕು. ಅದನ್ನು ತಾಮ್ರ ಮೆತ್ತಿದ ಬೋರ್ಡಿನ ಮೇಲೆ ಬೋರಲು ಹಾಕಿ ಇಸ್ತ್ರಿ ಮಾಡಿದರೆ ಟೋನರ್ ತಾಮ್ರಕ್ಕೆ ಅಂಟುತ್ತದೆ. ಬೋರಲು ಹಾಕೋದರಿಂದ ಪ್ರಿಂಟ್ ಉಲ್ಟಾ ಇರಬೇಕು. ಅಳತೆಯೂ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆಗಬಾರದು.

ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್ ಕೊಟ್ಟೆ. ಹುಡುಗ ಹೆಮ್ಮೆಯಿಂದ ಪ್ರಿಂಟ್ ಚಾಚಿದ.

"ಅಕ್ಷರ ಎಲ್ಲಾ ಉಲ್ಟಾ ಇತ್ತು ಸಾರ್. ನಾನೇ ಸರಿ ಮಾಡಿದೀನಿ."

ಉಲ್ಟಾನೇ ಬೇಕಪ್ಪ ಅಂದೆ. ನನ್ನ ಮುಖ ಒಂದು ಸಲ ನೋಡಿದ, ಪಾಪ, ಮತ್ತೆ ತೆಗೆದುಕೊಟ್ಟ. ಈ ಸಲ ಚಿತ್ರ ಎ4 ಹಾಳೆ ತುಂಬಾ ಹರಡಿಕೊಂಡಿತ್ತು. "ಮೂಲೇಲಿ ಇಷ್ಟೇ ಇಷ್ಟು ಬರ್ತಿತ್ತು ಸಾರ್, ಪೇಜ್ ವೇಸ್ಟ್ ಆಗುತ್ತಲ್ಲ!" ಆ ಲೆಕ್ಕದಲ್ಲಿ ನನ್ನ ಚಿಪ್ ಮೊಬೈಲಿಗಿಂತ ಉದ್ದ ಇರಬೇಕಿತ್ತು. ಹಿಂದೆ ಪಹಣಿ ಹಿಡಿದು ನಿಂತಿದ್ದ ಅಜ್ಜ, "ಕೊಟ್ಟಂಗೆ ತಗೊಂಡು ಹೋಗಪ್ಪ" ಅಂದರು.

ಇಸ್ತ್ರಿ ಚೆನ್ನಾಗಿಯೇ ಆಯಿತು. ಟೋನರ್ ಮುಚ್ಚದ, ಬೇಡದ ತಾಮ್ರ ಕರಗಿಸಲು ಫೆರಿಕ್ ಕ್ಲೋರೈಡ್ ನೀರು ಬೇಕು. ನೋಡೋಕೆ ಥೇಟ್ ಕಾಫಿ ಡಿಕಾಕ್ಷನ್. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೋರ್ಡ್ ಮುಳುಗಿಸಿ, ಯಾರೂ ಮುಟ್ಟಬೇಡಿ ಅಂತ ಕೂಗಿ ಹೇಳಿ ಆಚೆ ಹೋದೆ. ಅಮ್ಮನಿಗೆ ಅದೇ ಹೊತ್ತಿಗೆ ಅದೇ ಡಬ್ಬಿ ಬೇಕಾಯಿತು. ನೀರನ್ನು ಜೋಪಾನವಾಗಿ ಸ್ಟೀಲ್ ಡಬರಿಗೆ ಬಗ್ಗಿಸಿಟ್ಟರು. ಫೆರಿಕ್ ಕ್ಲೋರೈಡ್‌ಗೆ ತಾಮ್ರ ಒಂದೇ ಅಲ್ಲ, ಸ್ಟೀಲೂ ಇಷ್ಟ. ಡಬರಿಯ ಒಳಗೆಲ್ಲ ತೂತು ತೂತಿನ ಗುರುತು. ಹೊರಗೆ ಕೆತ್ತಿದ್ದ, ಗೃಹಪ್ರವೇಶಕ್ಕೆ ಕೊಟ್ಟ ಸೋದರತ್ತೆಯ ಹೆಸರು ಮಾತ್ರ ಫಳಫಳ. ಅತ್ತೆ ಬಂದಾಗೆಲ್ಲ ಆ ಡಬರಿ ಅಟ್ಟ ಹತ್ತುತ್ತದೆ.

ಪ್ರೋಗ್ರಾಮರ್ ಇಲ್ಲದ ಪ್ರೋಗ್ರಾಮರ್ ಸಮಸ್ಯೆಗೆ ಉಪ್ಪಾರಹಳ್ಳಿಯ ಗೆಳೆಯನ ಆರ್ಡುಯಿನೋ ಊನೋ ಅನ್ನೋ ರೆಡಿಮೇಡ್ ಮೈಕ್ರೋಕಂಟ್ರೋಲರ್ ಬೋರ್ಡ್ ಸಾಲ ತಂದೆ. ಅದಕ್ಕೆ ಐಎಸ್‌ಪಿ ಸ್ಕೆಚ್ (ಬೇರೆ ಚಿಪ್‌ಗೆ ಕೋಡ್ ತುಂಬಿಸೋ ಪ್ರೋಗ್ರಾಂ) ಹಾಕಿದರೆ ಅದೇ ತಾತ್ಕಾಲಿಕ ಪ್ರೋಗ್ರಾಮರ್. ಆದರೆ ಕಂಪ್ಯೂಟರ್ ಅದರ ಜತೆ ಮಾತಾಡೋ ದಾರಿ (ಸೀರಿಯಲ್ ಪೋರ್ಟ್) ತೆರೆದಾಗೆಲ್ಲ ಊನೋ ರೀಸೆಟ್ ಆಗಿ, ಹೊಸ ಚಿಪ್ ಬದಲು ತಾನೇ ಉತ್ತರ ಕೊಡುತ್ತಿತ್ತು. ರೀಸೆಟ್ಟಿಗೂ ಗ್ರೌಂಡಿಗೂ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಿಕ್ಕಿಸಿದ ಮೇಲೆ ಬಾಯಿ ಮುಚ್ಚಿ, ಎಟಿಮೆಗಾ8ಗೆ ಪ್ರೋಗ್ರಾಂ ತುಂಬಿಕೊಟ್ಟಿತು.

ಆಮೇಲೆ ನನ್ನ ಕಂಪ್ಯೂಟರಿನ ಲಿನಕ್ಸ್. ಡ್ರೈವರ್ ಹುಡುಕೋ ಗೋಳಿಲ್ಲ. ಎಲ್ಎಸ್‌ಯುಎಸ್‌ಬಿ ಅನ್ನೋ, ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸೋ ಕಮಾಂಡ್ ಕೊಟ್ಟರೆ ನನ್ನ ಬೋರ್ಡ್ ಪಟ್ಟಿಯಲ್ಲಿ ಕಂಡಿತು, ಗುರುತಿನ ಸಂಖ್ಯೆ 16ಸಿ0:05ಡಿಸಿ. ಕುಣಿಯೋದೊಂದು ಬಾಕಿ. ಎವಿಆರ್‌ಡ್ಯೂಡ್ ಅನ್ನೋ, ಚಿಪ್‌ಗೆ ಕೋಡ್ ಕಳಿಸೋ ತಂತ್ರಾಂಶ ಓಡಿಸಿದೆ. ಮೊದಲ ಸಾಲಿನಲ್ಲಿ ಸಾಧನ ತೆರೆಯಲು ಅನುಮತಿ ಇಲ್ಲ ಎಂದಿತು. ಮುಂದಿನ ಸಾಲಿನಲ್ಲಿ ಅಂಥ ಸಾಧನವೇ ಸಿಗಲಿಲ್ಲ ಎಂದಿತು. ಕಣ್ಣೆದುರಿಗೇ ಇದೆಯಲ್ಲೋ ಮಾರಾಯ! ಸುಡೋ (ಯಜಮಾನನ ಅಧಿಕಾರದಲ್ಲಿ ಓಡಿಸು ಅನ್ನೋ ಕಮಾಂಡ್) ಹಾಕಿದರೆ ಮಾತಾಡದೆ ಕೆಲಸ ಮಾಡುತ್ತದೆ. ದಿನಾ ಸುಡೋ ಹಾಕೋದು ಒಳ್ಳೆಯ ಅಭ್ಯಾಸವಲ್ಲ ಅಂತ ಈ ಸಾಧನಕ್ಕೆ ಅನುಮತಿ ಕೊಡು ಅನ್ನೋ ಯುಡೆವ್ ರೂಲ್ ಒಂದು ಸಾಲು ಬರೆದು, ಕೇಬಲ್ ಕಿತ್ತು ಮತ್ತೆ ಚುಚ್ಚಿದೆ.

ಕೊನೆಗೆ ಇನ್ನೊಂದು ಹೊಸ ಚಿಪ್‌ಗೆ ಎಲ್‌ಇಡಿ ಮಿನುಗಿಸೋ ಪ್ರೋಗ್ರಾಂ ತುಂಬಿದೆ. ಕೆಂಪು ದೀಪ ಹತ್ತಿತು, ಆರಿತು, ಹತ್ತಿತು, ಆರಿತು. ಅಮ್ಮನನ್ನು ಕರೆದು ತೋರಿಸಿದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಸ್ವಲ್ಪ ಹೊತ್ತು ನೋಡಿದರು.

"ಲೂಸ್ ಕನೆಕ್ಷನ್ ಇರಬೇಕು ಕಣೋ," ಅಂದರು. "ಗಟ್ಟಿಯಾಗಿ ಒತ್ತು."